ಕೋಡಿಗೆ ಕಟ್ಟಿದ ಚಪ್ಪಡಿ

ನಮ್ಮ ತಾತನಿಗೆ ಬಲಗಿವಿ ಅರ್ಧವೇ ಇತ್ತು. ಇನ್ನರ್ಧ ಕೆರೆಕೋಡಿಯ ಮೇಲೆ ಕೆಳಗಿನೂರಿನವರ ಜೊತೆ ಆದ ಹೊಡೆದಾಟದಲ್ಲಿ ಹೋಗಿತ್ತು. ಕೋಡಿ ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗಲೆಂದು ಏರಿಯ ತುದಿಯಲ್ಲಿ ಬಿಟ್ಟಿರುವ ತಗ್ಗು ಬಾಯಿ. ನಮ್ಮೂರ ಕೋಡಿಗೆ ಎರಡು ಕಲ್ಲುಕಂಬಗಳಿದ್ದವು. ಆ ಕಂಬಗಳ ನಡುವೆ ಸರಿಯಾಗಿ ಕೂರುವ ಒಂದು ಚಪ್ಪಡಿ ನಮ್ಮ ಕೊಟ್ಟಿಗೆಯಲ್ಲಿ ಇರುತ್ತಿತ್ತು. ಮಳೆ ಕೈಕೊಡುವ ಲಕ್ಷಣ ಕಂಡ ವರ್ಷ ತಾತ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಡಿಯಲ್ಲಿ ಹೇರಿಕೊಂಡು ಹೋಗಿ ಕಂಬಗಳ ನಡುವೆ ನಿಲ್ಲಿಸುತ್ತಿದ್ದರು. ಮಿಕ್ಕ ಕಲ್ಲು, ಜೇಡಿಮಣ್ಣು ಎಲ್ಲ ಅದಕ್ಕೇ ಒರಗಬೇಕು. ಕೆರೆಯಲ್ಲಿ ನೀರು ಇನ್ನಷ್ಟು ಮೇಲಕ್ಕೆ ನಿಲ್ಲುತ್ತಿತ್ತು, ಕೆಳಗಿನೂರಿಗೆ ಅಷ್ಟು ಕಡಿಮೆಯಾಗುತ್ತಿತ್ತು. ಅವರು ಸುಮ್ಮನಿರುತ್ತಾರೆಯೇ? ಹಾರೆ ಹಿಡಿದು ಬರುತ್ತಿದ್ದರು. ಇವರು ಕುಡುಗೋಲು ಹಿಡಿದು ಕಾಯುತ್ತಿದ್ದರು.

"ನೀರಿಗೆ ಕೊಟ್ಟ ಕಿವಿ ಕಣವ್ವ ಇದು" ಎಂದು ತಾತ ಅದನ್ನು ಸವರಿಕೊಂಡು ಹೇಳುವಾಗ ಮದುಮಗನಷ್ಟು ಹಿಗ್ಗುತ್ತಿದ್ದರು. ನನಗೆ ಆ ಕಿವಿ ಕಂಡರೆ ಅಸಹ್ಯ. ಆದರೂ ಒಂದು ಮಾತು ಒಪ್ಪಬೇಕು: ಆ ಕಾಲದವರು ನೀರು ಬೇಕು ಅಂತ ಕಡಿದಾಡಿದರು. ನಮ್ಮ ಕಾಲದಲ್ಲಿ ಅದೇ ಕೋಡಿಯ ಮೇಲೆ ನೀರು ಬೇಡ ಅಂತ ಕಡಿದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದೇನು, ಮಧ್ಯದಲ್ಲಿ ಬಿದ್ದು ಒದೆ ತಿಂದಿದ್ದೇನೆ.

ನಮ್ಮೂರು ಬನಶಂಕರಿಯ ಆಚೆ, ಉತ್ತರಹಳ್ಳಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಕ್ಕೆ. ನಾನು ಜಯನಗರದ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳಲು ಸೇರಿದಾಗ ಬಸ್ ಸ್ಟಾಪಿನಿಂದ ಮನೆಗೆ ರಾಗಿ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದೆ. ನೋಡನೋಡುತ್ತಿದ್ದ ಹಾಗೆ ಬದುಗಳ ಮೇಲೆ ಸುಣ್ಣದ ಗೆರೆ ಬಂತು, ಸೈಟುಕಲ್ಲು ಬಂತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ನಮ್ಮ ಮನೆಯ ಗಂಡಸರಲ್ಲಿ ಹೊಲ ಉಳುವವರು ಯಾರೂ ಉಳಿದಿರಲಿಲ್ಲ, ಜಗಳವಾಡುವವರು ಮಾತ್ರ ಇದ್ದರು. ಚಿಕ್ಕಪ್ಪ ಭಾಗದ ವಿಷಯಕ್ಕೆ ಅಪ್ಪನ ಭುಜವನ್ನು ಗುದ್ದಲಿ ಕಾವಿನಿಂದ ಮುರಿದರು. ಅಪ್ಪ ಒಂದೇ ಕೈಯಲ್ಲಿ ಚಿಕ್ಕಪ್ಪನನ್ನು ಬಾವಿಕಟ್ಟೆಗೆ ಅದುಮಿ ಹಿಡಿದು ಅವರ ಹಲ್ಲು ಉದುರಿಸಿದರು. ಅಮ್ಮ ಆ ರಕ್ತವನ್ನು ಸಗಣಿ ನೀರು ಹಾಕಿ ತೊಳೆದಳು, ಇಬ್ಬರಿಗೂ ಊಟ ಬಡಿಸಿದಳು.

ಅಂತೂ ಭಾಗವಾಯಿತು. ಗಂಡುಮಕ್ಕಳಿಗೆ ಹೊಲ ಬಂತು. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದೊಂದು ತುಂಡು. ತಾತನ ಕಾಲದಲ್ಲಿ ಗದ್ದೆ ಇದ್ದವನೇ ಸಾಹುಕಾರ, ಹೊಲವನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಪಟ್ಟಣ ಬಂದು ಲೆಕ್ಕ ತಲೆಕೆಳಗು ಮಾಡಿತು. ಎತ್ತರದ ಹೊಲದಲ್ಲಿ ಪಾಯ ಗಟ್ಟಿ, ರಸ್ತೆ ಹತ್ತಿರ, ಸೈಟು ಮಾಡಿದರೆ ಬಂಗಾರ. ಗದ್ದೆಯಲ್ಲಿ ಬರೀ ಕೆಸರು. ಆಗ ನೆನಪಾದರು ನೋಡಿ ಹೆಣ್ಣುಮಕ್ಕಳು! ನನಗೆ ಮದುವೆಯಾಗಲಿಲ್ಲ, ನನ್ನ ತುಂಡಿನಲ್ಲಿ ಜೊಂಡು ಬೆಳೆಯಿತು. ಅಕ್ಕ ಮಾತ್ರ ತನ್ನ ತುಂಡಿನಲ್ಲಿ ಮನೆ ಕಟ್ಟಿದಳು.

ಅಕ್ಕನನ್ನು ಶ್ರೀನಗರಕ್ಕೆ ಕೊಟ್ಟಿದ್ದರು. ಭಾವ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವರು, ಮೆತ್ತನೆ ಮನುಷ್ಯ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ಹೊತ್ತು ಅಕ್ಕನಿಗೆ ಸ್ವಂತ ಗೋಡೆ ಅನ್ನುವುದು ಹುಚ್ಚಾಗಿಬಿಟ್ಟಿತ್ತು. ತುಂಡಿರುವುದು ಕೋಡಿಯ ಬುಡದಲ್ಲೇ, ಪಾಯ ಅಗೆದರೆ ನೀರು ಒಸರುತ್ತಿತ್ತು. ಮೇಸ್ತ್ರಿ ಬೇಡ ಅಂದ. ಅಕ್ಕ ಮೈಮೇಲಿನ ಒಡವೆ ಎಲ್ಲ ಹಾಕಿ ಕಲ್ಲು ತುಂಬಿಸಿದಳು, ತಾನೇ ಬಾಂಡ್ಲಿ ಹೊತ್ತಳು, ಕ್ಯೂರಿಂಗಿಗೆ ತಾನೇ ನೀರು ಹಾಕಿದಳು. ಗೃಹಪ್ರವೇಶದ ದಿನ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಳು. ಅವಳಿಗೆ ಮಕ್ಕಳಿಲ್ಲ. ಇದ್ದದ್ದು ಆ ಮನೆ ಒಂದೇ, ಅದು ಹೋದರೆ ಮತ್ತೆ ಕಟ್ಟಲು ಮೈಯಲ್ಲಿ ಒಡವೆಯೂ ಇರಲಿಲ್ಲ, ಕಸುವೂ ಇರಲಿಲ್ಲ.

ಕೆರೆಯ ಇನ್ನೊಂದು ಕಡೆ, ನೀರು ಬಂದು ಸೇರುವ ಕಡೆ, ಅಂಗಳವಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಲ್ಲಿ ಸೌತೆಕಾಯಿ ಬೆಳೆಯುತ್ತಿದ್ದೆವು. ಅಲ್ಲಿಗೂ ಲಾರಿಗಟ್ಟಲೆ ಕಟ್ಟಡದ ಒಡಕು ಸುರಿದು ಲೇಔಟ್ ಎಬ್ಬಿಸಿದರು. ಅದಕ್ಕೆ ಅಂಟಿಕೊಂಡು ಅಪ್ಪ ಒಂದು ಸಾಲು ಬಾಡಿಗೆ ಮನೆ ಕಟ್ಟಿದರು. ಉತ್ತರ ಕರ್ನಾಟಕದಿಂದ ಬಂದವರು ಅಲ್ಲಿ ತುಂಬಿಕೊಂಡರು. ತುದಿಮನೆಯಲ್ಲಿ ಗದಗಿನ ಕಡೆಯ ದಂಪತಿ ಇದ್ದರು. ಗಂಡ ಬಿಟಿಎಂನ ಯಾವುದೋ ಆಫೀಸಿನಲ್ಲಿ ಡ್ರೈವರ್. ಹೆಂಡತಿ ಜೋಳದ ರೊಟ್ಟಿ ಬಡಿದಾಗಲೆಲ್ಲ ನನಗೆರಡು ತಂದುಕೊಡುತ್ತಿದ್ದಳು. ಜೊತೆಗೆ ನಡೆಯಲಾಗದ ಮುದುಕಿ ಅತ್ತೆ, ಕಂಕುಳಲ್ಲಿ ಕೂಸು.

ಇನ್ನು ನನ್ನ ತಮ್ಮ. ಉಳಲು ಹೊಲವಿಲ್ಲ, ಬಾಡಿಗೆ ಬರುತ್ತದೆ, ತೋಳಿನಲ್ಲಿ ಬಲವಿದೆ. ಇಂಥವರನ್ನೆಲ್ಲ ಗಣೇಶ ತನ್ನ ಸೇವೆಗೆ ಕರೆದುಕೊಳ್ಳುತ್ತಾನೆ. ಊರಿನ ಗಣೇಶನ ಕಮಿಟಿಗೆ ತಮ್ಮನೇ ಮುಖ್ಯಸ್ಥ. ಲೇಔಟಿನವರೂ ಒಂದು ಕಮಿಟಿ ಮಾಡಿಕೊಂಡರು. ಅವರ ಗಣೇಶ ಆಳೆತ್ತರವಾದರೆ ಮುಂದಿನ ವರ್ಷ ನಮ್ಮದು ಅದಕ್ಕಿಂತ ಎತ್ತರ. ಗಣೇಶ ಬೆಳೆಯುತ್ತಾ ಹೋದ, ಕೆರೆ ಚಿಕ್ಕದಾಗುತ್ತಾ ಬಂತು. ಬಿಟ್ಟರೆ ಸೊಂಡಿಲೂ ಮುಳುಗುವುದಿಲ್ಲ. ಆಗ ತಮ್ಮನಿಗೆ ಕೊಟ್ಟಿಗೆಯ ಮೂಲೆಯಲ್ಲಿದ್ದ ತಾತನ ಚಪ್ಪಡಿ ನೆನಪಾಯಿತು.

ಹಬ್ಬಕ್ಕೆ ಮೊದಲೇ ಅದಕ್ಕೆ ಪೂಜೆ ಮಾಡಿ, ತಮಟೆ ಬಡಿದುಕೊಂಡು ಹೋಗಿ ಕೋಡಿಗೆ ನಿಲ್ಲಿಸುವುದು, ಅದರ ಮೇಲೆ ಕಾಂಪೌಂಡ್ ಕಲ್ಲು, ಮರಳಿನ ಮೂಟೆ ಪೇರಿಸುವುದು, ಚರಂಡಿ ನೀರೋ ಮಳೆ ನೀರೋ, ಒಟ್ಟು ಗಣೇಶ ಮುಳುಗುವಷ್ಟು ನಿಲ್ಲಿಸುವುದು, ಹಬ್ಬ ಮುಗಿದ ಮೇಲೆ ತೆಗೆಯುವುದು. ಹೀಗೆ ಕೆಲವು ವರ್ಷ ನಡೆಯಿತು. ತಾತ ಬದುಕಿದ್ದಿದ್ದರೆ ಆ ಗಬ್ಬು ನೀರಿಗೆ ಕಲ್ಲು ಕಟ್ಟುವುದನ್ನು ಕಂಡು ಮಿಕ್ಕ ಕಿವಿಯನ್ನೂ ಕಿತ್ತುಕೊಳ್ಳುತ್ತಿದ್ದರು.

ಒಂದು ವರ್ಷ ಮೆರವಣಿಗೆಯಲ್ಲೇ ಹೊಡೆದಾಟವಾಯಿತು. ಯಾರ ಗಣೇಶ ಮೊದಲು ನೀರಿಗಿಳಿಯಬೇಕು ಅನ್ನುವುದಷ್ಟೇ ವಿಷಯ. ಟ್ಯೂಬ್‌ಲೈಟ್ ಒಡೆದು ಒಬ್ಬನ ಮುಖಕ್ಕೆ ತಿವಿದರು. ಲೇಔಟಿನವರ ಟ್ರ್ಯಾಕ್ಟರ್ ನಮ್ಮ ಹುಡುಗನೊಬ್ಬನ ಪಾದ ಹತ್ತಿ ಇಳಿಯಿತು. ಪೊಲೀಸರು ಬಂದು ಇಬ್ಬರಿಗೂ ಸಮನಾಗಿ ಬಾರಿಸಿದರು. ಮಾರನೆಯ ದಿನ ಲೇಔಟಿನ ಹಿರಿಯರು ಬಂದು, ನಮ್ಮ ಬೀದಿಗೆ ನೀರು ಏರುತ್ತಿದೆ, ಕೋಡಿಯ ಕಲ್ಲು ತೆಗೆಸಿ ಅಂದರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ತಮ್ಮ ಜಗುಲಿಯಿಂದ ಎದ್ದೇಳಲಿಲ್ಲ.

"ನಮ್ಮೂರ ಕೋಡಿ ವಿಷ್ಯ ಮಾತಾಡಕ್ಕೆ ನೀವ್ಯಾರು? ಕೆರೆ ಒಳಗೆ ಮನೆ ಕಟ್ಕೊಂಡು ನೀರು ಬಂತು ಅಂತೀರಲ್ಲ, ನಾಚ್ಕೆ ಆಗಲ್ವಾ?" ಎಂದ. ಮಾತು ಸುಳ್ಳಲ್ಲ. ಆ ಜಾಗ ಮಾರಿದ್ದು ನಮ್ಮಪ್ಪ ಅನ್ನುವುದನ್ನು ಮಾತ್ರ ಅವನು ಸೇರಿಸಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಬಂದಳು. "ಕಲ್ಲು ತೆಗೆಸೋ ತಮ್ಮ. ಹಿತ್ಲಲ್ಲಿ ನಿಂತ್ರೆ ತಲೆ ಮೇಲೆ ನೀರು ನಿಂತಂಗೆ ಆಗುತ್ತೆ. ನಂಗೆ ನಿದ್ದೆ ಬರಲ್ಲ ಕಣೋ."

"ತೆಗಿತೀನಿ ಕಣಕ್ಕ. ಅವ್ರು ಹೇಳಿದ ತಕ್ಷಣ ತೆಗೆದ್ರೆ ಹೆದರ್ಕೊಂಡ ಅಂತಾರೆ. ಒಂದು ವಾರ ಹೋಗ್ಲಿ."

"ನನ್ನ ಮನೆಗೇನಾದ್ರೂ ಆದ್ರೆ?"

"ನಿನ್ನ ಮನೆಗೆ ನಾನಿಲ್ವಾ?" ಎಂದು ಎದೆ ತಟ್ಟಿಕೊಂಡ. ಪ್ರೀತಿಯಿಂದಲೇ ಅಂದ, ಅದೇ ನನಗೆ ಈಗಲೂ ಸಂಕಟ. ಪ್ರತಿ ಗೌರಿಹಬ್ಬಕ್ಕೆ ಅಕ್ಕನಿಗೆ ತವರಿನ ಬಾಗಿನ ಒಯ್ಯುವವನು ಅವನೇ. ಮೊರದ ತುಂಬ ಅಕ್ಕಿ, ಬೆಲ್ಲ, ಬಳೆ ತಾನೇ ಆರಿಸಿ ತರುತ್ತಿದ್ದ.

ವಾರ ಹೋಯಿತು, ಪಿತೃಪಕ್ಷ ಹೋಯಿತು, ಆಯುಧಪೂಜೆಯೂ ಹೋಯಿತು. ಕಲ್ಲು ಹಾಗೇ ಇತ್ತು. ಹಿಂಗಾರು ಮಳೆ ಹಿಡಿಯಿತು ನೋಡಿ, ಬಿಡುವೇ ಕೊಡಲಿಲ್ಲ. ಮೊದಲಾದರೆ ಹೊಲಗಳು ಅರ್ಧ ನೀರು ಕುಡಿಯುತ್ತಿದ್ದವು. ಈಗ ಹೊಲವೆಲ್ಲ ಸಿಮೆಂಟು, ಟಾರು. ಬಿದ್ದದ್ದೆಲ್ಲ ಒಂದು ಹನಿ ಸೋರದೆ ಕೆರೆಗೆ ನುಗ್ಗಿತು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಗದಗಿನವಳು ಕೂಸನ್ನೆತ್ತಿಕೊಂಡು ಓಡಿಬಂದಳು. ಸೊಂಟದವರೆಗೆ ಕಪ್ಪು ಕೆಸರು ಮೆತ್ತಿತ್ತು, ನಾತ ಹೊಡೆಯುತ್ತಿತ್ತು. "ಅಕ್ಕಾರ, ಮನಿ ಒಳಗ ನೀರು ಹೊಕ್ಕಾವ್ರೀ. ಅತ್ತೀನ್ನ ಕಟ್ಟಿ ಮ್ಯಾಲ ಕುಂದ್ರಿಸೇನಿ. ಇವರು ಹಾರಿ ತಗೊಂಡು ಕೆರಿ ಕಡೆ ಹ್ವಾದ್ರು. ಹೊಡದಾಡ್ತಾರ್ರೀ, ನೀವರ ಬರ್ರೀ!"

ಕೂಸನ್ನು ಅಮ್ಮನ ಕೈಗೆ ಕೊಟ್ಟು ಇಬ್ಬರೂ ಓಡಿದೆವು. ಏರಿಯ ಮೇಲೆ ಆಗಲೇ ಜನ. ಈ ಕಡೆ ಲೇಔಟಿನವರು, ನಮ್ಮ ಬಾಡಿಗೆಯವರು, ಕೈಯಲ್ಲಿ ಹಾರೆ, ಸುತ್ತಿಗೆ. ಆ ಕಡೆ ಕೋಡಿಗೆ ಅಡ್ಡವಾಗಿ ನನ್ನ ತಮ್ಮ ಮತ್ತು ಅವನ ಹುಡುಗರು, ಕೈಯಲ್ಲಿ ಬ್ಯಾಟು, ಮಚ್ಚು. ನೀರು ಕಲ್ಲುಗಳ ತುದಿ ಮುಟ್ಟಿ ತುಳುಕುತ್ತಿತ್ತು. ಕೆಳಗೆ ಅಕ್ಕನ ಮನೆಯ ತಾರಸಿ, ಅದರ ಮೇಲೆ ನೆನೆಯುತ್ತಿದ್ದ ತುಳಸಿ ಕುಂಡ ಕಾಣುತ್ತಿತ್ತು.

"ಕಲ್ಲ ತಗೀರಿ" ಎಂದು ಗದಗಿನವನು ಕೂಗುತ್ತಿದ್ದ. "ನಮ್ಮ ಮನ್ಯಾಗ ಹೇಲು ತೇಲಾಕತ್ತೈತಿ. ನಮ್ಮವ್ವ ಸಾಯ್ತಾಳ."

"ಮುಟ್ಟಿ ನೋಡೋ ಮಗನೆ. ಕೈ ಕತ್ತರಿಸ್ತೀನಿ" ಎಂದ ತಮ್ಮ.

ಅಷ್ಟರಲ್ಲಿ ಅಕ್ಕ ಏರಿ ಹತ್ತಿ ಬಂದಳು. ಸೀರೆ ಕೆಸರಾಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡೂ ಗುಂಪಿನ ನಡುವೆ ನಿಂತು ಕೈಮುಗಿದಳು. "ಒಂದೇ ಸಲ ಒಡೀಬೇಡ್ರಪ್ಪ. ಮೇಲಿಂದ ಒಂದೊಂದೇ ಕಲ್ಲು ತೆಗೀರಿ. ಸಾಯಂಕಾಲದವರೆಗೂ ನಿಧಾನಕ್ಕೆ ಬಿಡಿ. ಅವರ ಮನೆಯೂ ಉಳಿಯುತ್ತೆ, ನನ್ನ ಮನೆಯೂ ಉಳಿಯುತ್ತೆ."

ಅದಕ್ಕಿಂತ ಸರಿಯಾದ ಮಾತನ್ನು ಆ ದಿನ ಯಾರೂ ಆಡಲಿಲ್ಲ. ಯಾರೂ ಕೇಳಲೂ ಇಲ್ಲ. ಅವರಿಗೆ ಒಡೆಯಬೇಕಿತ್ತು, ಇವರಿಗೆ ತಡೆಯಬೇಕಿತ್ತು, ತೆಗೆಯುವುದು ಯಾರಿಗೂ ಬೇಕಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮನ ಅಂಗಿ ಹಿಡಿದೆಳೆದು ಕಪಾಳಕ್ಕೆ ಬಾರಿಸಿದೆ. "ಯಾರ ಮನೆ ಕಾಯ್ತಿದ್ದೀಯೋ ನೀನು? ಕೆಳಗೆ ನೋಡೋ!" ಅವನು ನೋಡಲಿಲ್ಲ. "ಚಿಕ್ಕಕ್ಕ, ಸೈಡಿಗೆ ಹೋಗು" ಎಂದು ನೂಕಿದ. ನಾನು ಕಲ್ಲಿನ ಮೇಲೆ ಬಿದ್ದೆ, ಮೊಣಕೈ ಒಡೆಯಿತು. ಯಾರೋ ನನ್ನ ಬೆನ್ನಿನ ಮೇಲೆ ಕಾಲಿಟ್ಟುಕೊಂಡೇ ಮುಂದೆ ಹೋದರು.

ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಗದಗಿನವನು ಹಾರೆಯನ್ನು ತಾತನ ಚಪ್ಪಡಿಯ ಸಂದಿಗೆ ಇಕ್ಕಿ ಮೀಟಿದ. ತಮ್ಮ ಬಗ್ಗಿ ಎರಡೂ ಕೈಯಲ್ಲಿ ಚಪ್ಪಡಿಯನ್ನು ಅವುಚಿದ. ತಮ್ಮನ ಹುಡುಗರಲ್ಲೊಬ್ಬ ಬ್ಯಾಟಿನಿಂದ ಗದಗಿನವನ ತಲೆಗೆ ಹೊಡೆದ. ಹೆಂಡತಿ ಚೀರಿದಳು. ಅವನು ಕುಸಿದ, ಆದರೆ ಹಾರೆ ಬಿಡಲಿಲ್ಲ, ಅವನ ಮೈಭಾರವೆಲ್ಲ ಹಾರೆಯ ಮೇಲೆ ಬಿತ್ತು. ಕಲ್ಲು ಸರಿಯಿತು. ಕಂಬಕ್ಕೂ ಕಲ್ಲಿಗೂ ನಡುವೆ ತಮ್ಮನ ಕೈ ಸಿಕ್ಕಿತು. ಅವನು ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಮರುಕ್ಷಣವೇ ಚಪ್ಪಡಿ, ಕಾಂಪೌಂಡ್ ಕಲ್ಲು, ಮೂಟೆ ಎಲ್ಲ ಒಟ್ಟಿಗೆ ಹೊರಟವು. ನೀರು ನಿಂತ ಕಡೆಯಿಂದ ಎದ್ದು ಹಾರಿತು.

ಅಕ್ಕ ಆ ನೀರಿನ ಜೊತೆಗೇ ಏರಿ ಇಳಿದು ಓಡಿದಳು. "ರೀ, ಮೇಲೆ ಹೋಗ್ರೀ" ಎಂದು ಕೂಗುತ್ತಿದ್ದದ್ದು ಕೇಳಿಸಿತು, ಆಮೇಲೆ ನೀರಿನ ಸದ್ದು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಕಾಂಪೌಂಡ್ ಮಲಗಿತು. ಹಿಂದಿನ ಗೋಡೆ ಬಿರಿಯಿತು. ಮೆತ್ತನೆಯ ಭಾವ ಅದು ಹೇಗೋ ತಾರಸಿ ಸೇರಿ, ತುಳಸಿ ಕುಂಡವನ್ನು ತಬ್ಬಿಕೊಂಡು ಕೂತಿದ್ದರು. ಅಕ್ಕ ಬೀದಿಯ ಲೈಟುಕಂಬಕ್ಕೆ ಜೋತುಬಿದ್ದು ತನ್ನ ಅಡುಗೆಮನೆಯ ಪಾತ್ರೆಗಳು ಒಂದೊಂದಾಗಿ ಬಾಗಿಲಿನಿಂದ ಹೊರಗೆ ಹೋಗುವುದನ್ನು ನೋಡುತ್ತಿದ್ದಳು. ಅವಳು ಅಳಲಿಲ್ಲ. ನಾನು ಅತ್ತೆ, ಜೋರಾಗಿಯೇ ಅತ್ತೆ.

ನೀರಿಳಿದ ಮೇಲೆ ಒಳಗೆ ಹೋದೆವು. ತಾತನ ಚಪ್ಪಡಿ ಹಿತ್ತಲಿನ ಗೋಡೆ ಒಡೆದು ಅರ್ಧ ಅಡುಗೆಮನೆಯೊಳಗೆ ಬಂದು ಮಲಗಿತ್ತು. ಅದರ ಮೇಲೆ ಅರಿಶಿನ ಇನ್ನೂ ಅಂಟಿಕೊಂಡಿತ್ತು.

ಗದಗಿನವನ ತಲೆಗೆ ಹೊಲಿಗೆ ಹಾಕಿದರು, ಒಂದು ಕಿವಿ ಮಂದವಾಯಿತು. ಮುದುಕಿ ಬದುಕಿದಳು. ಅವರು ತಿಂಗಳಾಗುವ ಮೊದಲೇ ವಿಲ್ಸನ್ ಗಾರ್ಡನ್ ಕಡೆ ಮನೆ ಹುಡುಕಿಕೊಂಡು ಹೋದರು. ಹೋಗುವಾಗ ಅವಳು ನನಗೆ ರೊಟ್ಟಿ ಕೊಟ್ಟೇ ಹೋದಳು, ನಾನು ತಿನ್ನಲಾರದೆ ಇಟ್ಟುಕೊಂಡಿದ್ದೆ. ತಮ್ಮನ ಬಲಗೈಯ ಎರಡು ಬೆರಳು ತೆಗೆದರು. ಪೊಲೀಸು ಠಾಣೆಯಲ್ಲಿ ಎರಡೂ ಕಮಿಟಿಯವರಿಗೆ ರಾಜಿಯಾಗಿ, ಪರಸ್ಪರ ತಬ್ಬಿಕೊಂಡು ಕಾಫಿ ಕುಡಿದರಂತೆ. ಅಕ್ಕನನ್ನು ಯಾರೂ ಕರೆಯಲಿಲ್ಲ.

ಆಮೇಲೆ ಹಾನಿ ನೋಡಲು ಬಂದ ಅಧಿಕಾರಿಗಳು ಬಣ್ಣದ ನಕ್ಷೆ ತಂದರು. ದಿನಾ ಮಕ್ಕಳಿಗೆ ನಕ್ಷೆ ತೋರಿಸುವವಳು ನಾನು, ಇಣುಕಿ ನೋಡಿದೆ. ಕೆರೆ ನೀಲಿ. ಅಂಗಳ ಹಳದಿ, ಹೊಲ ಹಳದಿ, ಗದ್ದೆ ಹಳದಿ. ಹಳದಿ ಅಂದರೆ ಮನೆ ಕಟ್ಟಬಹುದು. ಕೋಡಿಯಿಂದ ಹೊರಟ ನೀರು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. "ಇದನ್ನ ಮಾಡಿದವರು ಮಳೆ ನೋಡಿದ್ದಾರಾ ಸಾರ್?" ಎಂದು ಕೇಳಿದೆ. "ಮೇಡಂ, ನೀವು ಅರ್ಜಿ ಕೊಡಿ" ಅಂದರು. ಆ ನಕ್ಷೆಯನ್ನು ಅಲ್ಲೇ ಹರಿದುಹಾಕುವ ಸಿಟ್ಟು ಬಂದಿತ್ತು, ಲ್ಯಾಮಿನೇಷನ್ ಮಾಡಿಸಿದ್ದರು.

ಅಕ್ಕ ಮತ್ತೆ ಕಟ್ಟಿದಳು. ಕಸುವೂ ಇಲ್ಲ, ದುಡ್ಡೂ ಇಲ್ಲ ಅಂತ ನಾನು ಅಂದುಕೊಂಡಿದ್ದೆ, ಎಲ್ಲಿಂದ ತಂದಳೋ. ನನ್ನ ಜೊಂಡಿನ ತುಂಡಿನಲ್ಲಿ ಅವಳ ಹಿತ್ತಲಿನ ಪಕ್ಕಕ್ಕೆ ಒಂದು ಆಳವಾದ ಕಾಲುವೆ ತೋಡಿಸಿ ನೀರಿಗೆ ದಾರಿ ಬಿಟ್ಟೆವು. ಚಪ್ಪಡಿಯನ್ನು ಜನ ಹಿಡಿದು ಹಿತ್ತಲಿಗೆಳೆದರು, ಅವಳು ಅದನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು. ತಮ್ಮನ ಜೊತೆ ಮಾತು ಬಿಟ್ಟಿದ್ದಳು.

ಮುಂದಿನ ಗೌರಿಹಬ್ಬದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಅವಳು ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದಳು. ತಮ್ಮ ಬಂದ, ಎಡಗೈಯಲ್ಲಿ ಬಾಗಿನದ ಮೊರ. ಹಿಂದೆ ನಾಲ್ಕಾರು ಹುಡುಗರು, ಬೀದಿಯಲ್ಲಿ ಟೆಂಪೋ. ಅವನು ಮೊರ ಕೆಳಗಿಡದೆ, ಕಣ್ಣೆತ್ತದೆ ಅಂದ:

"ಅಕ್ಕ, ತಾತನ ಕಲ್ಲು ಬೇಕು. ಬೇರೆ ಕಲ್ಲು ಕಂಬಕ್ಕೆ ಕೂರ್ತಿಲ್ಲ. ಗಣೇಶ ದೊಡ್ಡದು ತಂದ್ಬಿಟ್ಟಿದ್ದಾರೆ. ಈ ಸಲ ಹಬ್ಬ ಮುಗಿದ ತಕ್ಷಣ ತೆಗಿತೀನಿ, ನಿನ್ನಾಣೆ."

ಇಷ್ಟು ಲಜ್ಜೆಗೆಟ್ಟವರು ಇರುತ್ತಾರೆಯೇ? ಅಕ್ಕ ಎದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಚಪ್ಪಡಿಯ ಮೇಲಿಟ್ಟು ನಿಂತಳು. ಕಾಯಿ ಸುಲಿಯುತ್ತಿದ್ದ ಮಚ್ಚು ಕೈಯಲ್ಲೇ ಇತ್ತು.

"ತಗೊಂಡ್ಹೋಗು. ಬಾ."

ತಮ್ಮ ಅಲುಗಲಿಲ್ಲ. ಹುಡುಗರಲ್ಲೊಬ್ಬ ನಗುತ್ತ, "ಬಿಡಿ ಅಕ್ಕ, ಹಬ್ಬದ ದಿನ" ಎಂದು ಬಗ್ಗಿ ಕಲ್ಲಿನ ಅಂಚಿಗೆ ಕೈ ಹಾಕಿದ. ಮಚ್ಚು ಬಿತ್ತು. ಅವನ ಬೆರಳಿನ ಪಕ್ಕದಲ್ಲೇ ಕಲ್ಲಿನಿಂದ ಕಿಡಿ ಹಾರಿತು. ಹುಡುಗ ಹಿಂದಕ್ಕೆ ಬಿದ್ದ, ಅವನ ನಗು ಎಲ್ಲಿ ಹೋಯಿತೋ. ಅಕ್ಕ ಮತ್ತೆ ಮಚ್ಚೆತ್ತಿದಳು. ಈ ಸಲ ಅವಳು ಕಲ್ಲನ್ನು ನೋಡುತ್ತಿರಲಿಲ್ಲ, ತಮ್ಮನ ಕತ್ತನ್ನು ನೋಡುತ್ತಿದ್ದಳು. ಅವಳು ಹೊಡೆದೇಬಿಡುತ್ತಾಳೆ ಅಂತ ನನಗೆ ಖಾತ್ರಿಯಾಗಿತ್ತು. ತಡೆಯಬೇಕು ಅಂತ ನನಗನ್ನಿಸಲೂ ಇಲ್ಲ.

"ಬಿಡ್ರೋ" ಎಂದ ತಮ್ಮ. "ಹೋಗ್ರೋ ಎಲ್ಲ. ಆಚೆ ಹೋಗ್ರಿ."

ಹುಡುಗರು ಹೋದರು. ಅವನು ಮೊರವನ್ನು ಆ ಚಪ್ಪಡಿಯ ಮೇಲೆ, ಅವಳ ಕಾಲಿನ ಹತ್ತಿರ ಇಟ್ಟು ನಿಂತ. ತುಂಬ ಹೊತ್ತಿನ ಮೇಲೆ ಅಕ್ಕ ಮಚ್ಚು ಇಳಿಸಿದಳು.

"ಬಾಗಿನ ಒಳಗಿಡು. ಕೈಕಾಲು ತೊಳ್ಕೊಂಡು ಬಾ. ಊಟ ಮಾಡು."

ಅವನು ಗೋಡೆಗೊರಗಿ ಕೂತು ಮೂರು ಬೆರಳಿನಲ್ಲಿ ಒಬ್ಬಟ್ಟು ಮುರಿಯಲು ಹೆಣಗಿದ. ಅಕ್ಕ ಆ ಕೈಯನ್ನು ಒಂದು ಸಲ ನೋಡಿ, ತಾನೇ ಮುರಿದು ಎಲೆಗೆ ಹಾಕಿ, ಮೇಲೆ ತುಪ್ಪ ಸುರಿದಳು.

ಆ ವರ್ಷ ಕೋಡಿಗೆ ಕಲ್ಲು ಕಟ್ಟಲಿಲ್ಲ. ನಮ್ಮೂರ ಗಣೇಶ ಎದೆಮಟ್ಟ ಕೂಡ ಮುಳುಗದೆ ಕೆರೆಯಲ್ಲಿ ವಾರಗಟ್ಟಲೆ ಕೂತಿದ್ದ, ಲೇಔಟಿನವರು ನಕ್ಕರು, ತಮ್ಮ ತಲೆತಗ್ಗಿಸಿಕೊಂಡು ಓಡಾಡಿದ. ಹಿಂಗಾರು ಬಂತು. ಮೋಡ ಕಟ್ಟಿದ ಒಂದು ಸಂಜೆ ಹೋದರೆ ಅಕ್ಕ ಕೊಡೆ ಹಿಡಿದುಕೊಂಡು ಹಿತ್ತಲಲ್ಲಿ ಚಪ್ಪಡಿಯ ಮೇಲೆ ಕೂತಿದ್ದಳು. ಪಕ್ಕದ ಕಾಲುವೆಯಲ್ಲಿ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ತೊಡೆಯ ಮೇಲೆ ಮಚ್ಚಿತ್ತು.

"ಒಳಗೆ ಬಾರೇ. ಇನ್ನು ಯಾರು ಬರ್ತಾರೆ?" ಅಂದೆ.

"ಯಾರಾದ್ರೂ ಬರ್ತಾರೆ" ಅಂದಳು ಅಕ್ಕ, ಕೋಡಿಯ ಕಡೆಯಿಂದ ಕಣ್ಣು ತೆಗೆಯದೆ. "ಊರು ಬೆಳೀತಾ ಇದೆಯಲ್ಲ."